ಮುದಿ ನಾಯಿಗೆ ಕೊನೆಯ ಮನೆ: ಕರೆತರುವ ಮುಂಚಿನಿಂದ ಕಳಿಸಿಕೊಡುವವರೆಗೆ

ಆಶ್ರಯ ಕೇಂದ್ರದಲ್ಲಿ ಹನ್ನೊಂದು ವರ್ಷದ ನಾಯಿಯ ಮುಂದೆ ಕೂತರೆ ಕಣ್ಣು ಮೊದಲು ಹೋಗುವುದು ಮುಖದ ಕಡೆಗೇ. ನರೆತ ಮೂತಿ, ಮಂಜು ಕವಿದ ಕಣ್ಣು. ಕರುಳು ಚುರ್ ಅನ್ನುತ್ತದೆ. ಆದರೆ ನೋಡಬೇಕಾದ್ದು ಅದು ಏಳುವ ರೀತಿಯನ್ನು. ಎಷ್ಟು ಸಲ ಪ್ರಯತ್ನಪಟ್ಟು ಏಳುತ್ತದೆ? ಮುಂಗಾಲಿನ ಮೇಲೆ ಭಾರ ಹಾಕಿ ಹಿಂಭಾಗವನ್ನು ಎಳೆದುಕೊಳ್ಳುತ್ತದೆಯೇ? ನಿಂತ ಮೇಲೆ ಹಿಂಗಾಲು ನಡುಗುತ್ತದೆಯೇ? ಆಮೇಲೆ ಹಿಂಗಾಲಿನ ಉಗುರುಗಳನ್ನು ನೋಡಿ. ನಡುವಿನ ಎರಡು ಉಗುರುಗಳು ಮೇಲ್ಭಾಗದಲ್ಲಿ ಸವೆದಿದ್ದರೆ ನಾಯಿ ಕಾಲನ್ನು ನೆಲಕ್ಕೆ ಉಜ್ಜಿಕೊಂಡು ನಡೆಯುತ್ತಿದೆ ಎಂದರ್ಥ. ಅದು ಬರೀ ಕೀಲುನೋವಾಗಿರಲಿಕ್ಕಿಲ್ಲ, ಬೆನ್ನುಹುರಿಯ ಅಥವಾ ನರದ ತೊಂದರೆಯೂ ಇರಬಹುದು. ಹೀಗಿದೆ ಅಂತ ಬಿಟ್ಟುಬರಬೇಕಿಲ್ಲ; ಎಂಥ ನಾಯಿಯನ್ನು ಕರೆದೊಯ್ಯುತ್ತಿದ್ದೀರಿ ಎಂಬುದು ಗೊತ್ತಿದ್ದರೆ ಸಾಕು.

ಕೇಂದ್ರದವರು ಹೇಳುವ ವಯಸ್ಸು ಬಹುಪಾಲು ಅಂದಾಜೇ. ಕಲ್ಲು, ಕಂಬಿ ಕಚ್ಚುತ್ತಿದ್ದ ನಾಯಿಯ ಹಲ್ಲು ಆರನೇ ವರ್ಷಕ್ಕೇ ಸವೆದಿರುತ್ತದೆ. ಸ್ಥೂಲವಾಗಿ ಹತ್ತು ಕೆ.ಜಿ.ಯೊಳಗಿನ ಸಣ್ಣ ನಾಯಿಗಳು 10–11ನೇ ವರ್ಷಕ್ಕೆ, ದೊಡ್ಡ ತಳಿಗಳು 7–8ಕ್ಕೇ ಮುಪ್ಪಿಗೆ ಕಾಲಿಡುತ್ತವೆ. ಹಾಗಾಗಿ ವಯಸ್ಸಿಗಿಂತ ಮುಖ್ಯವಾದ ಪ್ರಶ್ನೆಗಳನ್ನು ಕೇಳಿ: ಈಗ ಯಾವ ಆಹಾರ, ಎಷ್ಟು ಗ್ರಾಂ? ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಯಾವಾಗಿಂದ? ಸಂತಾನಹರಣ ಆಗಿದೆಯೇ? ಒಂಟಿಯಾಗಿ ಎಷ್ಟು ಹೊತ್ತು ಇರುತ್ತದೆ? ಯಾರನ್ನಾದರೂ ಕಚ್ಚಿದೆಯೇ, ಯಾವ ಸಂದರ್ಭದಲ್ಲಿ? ರಕ್ತಪರೀಕ್ಷೆಯ ಹಳೆಯ ವರದಿಗಳಿದ್ದರೆ ಪ್ರತಿ ಕೊಡಿ ಅನ್ನಿ. ಇನ್ನೊಂದು ಮಾತು ಹಣದ್ದು. ಕೆಲವು ಸಂಸ್ಥೆಗಳು ಮುದಿ ನಾಯಿಯ ಒಡೆತನವನ್ನು ತಾವೇ ಇಟ್ಟುಕೊಂಡು, ಔಷಧಿ ಖರ್ಚನ್ನೂ ಭರಿಸಿ, ಜೀವಮಾನದ ಪಾಲನೆಗೆ ಕೊಡುತ್ತವೆ. ಹಾಗಿದ್ದರೆ ಯಾವ ಖರ್ಚು ಯಾರದ್ದು, ಕೊನೆಯ ನಿರ್ಧಾರ ಯಾರದ್ದು ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಮೊದಲೇ ಇದ್ದ ಕಾಯಿಲೆಗೆ ಸಾಕುಪ್ರಾಣಿ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ ಎಂಬುದೂ ಗಮನದಲ್ಲಿರಲಿ.

ನೆಲ, ಹಾಸಿಗೆ, ಇಳಿಜಾರು

ನಾಯಿ ಬರುವ ಹಿಂದಿನ ದಿನ ಮನೆಯನ್ನು ಅದರ ಕಾಲಿನ ಮಟ್ಟದಿಂದ ನೋಡಿ. ನುಣುಪು ಟೈಲ್ಸ್ ಮೇಲೆ ಒಮ್ಮೆ ಕಾಲು ಜಾರಿ ಬಿದ್ದ ಮುದಿ ನಾಯಿ ಮತ್ತೆ ಆ ಕೋಣೆಗೆ ಬರಲು ಹೆದರುತ್ತದೆ. ಜನ ಅದನ್ನು ಸೋಮಾರಿ ಅಂದುಕೊಳ್ಳುತ್ತಾರೆ. ಮಲಗುವ ಜಾಗದಿಂದ ನೀರಿಗೆ, ಊಟಕ್ಕೆ, ಹೊರಬಾಗಿಲಿಗೆ ಹೋಗುವ ದಾರಿಯಲ್ಲಿ ತಳಕ್ಕೆ ರಬ್ಬರ್ ಇರುವ ಮ್ಯಾಟ್ ಹಾಸಿ. ಯೋಗ ಮ್ಯಾಟ್ ಕತ್ತರಿಸಿ ಹಾಕಿದರೂ ನಡೆಯುತ್ತದೆ. ಅಗಲ 60 ಸೆಂ.ಮೀ. ಇದ್ದರೆ ಸಾಕು, ಆದರೆ ನಡುನಡುವೆ ಸಂದು ಬಿಡಬೇಡಿ. ಒಂದು ಮ್ಯಾಟ್ ಮುಗಿದು ಇನ್ನೊಂದು ಶುರುವಾಗುವ ನಡುವಿನ ಬರಿ ನೆಲ ಕಂಡರೆ ಎಷ್ಟೋ ನಾಯಿಗಳು ಹೊಳೆ ಅಡ್ಡ ಬಂದ ಹಾಗೆ ನಿಂತುಬಿಡುತ್ತವೆ. ರಬ್ಬರ್ ಇಲ್ಲದ ಬಟ್ಟೆಯ ಹಾಸು ಬರಿ ನೆಲಕ್ಕಿಂತ ಅಪಾಯ.

ಮ್ಯಾಟ್ ಹಾಸಿಯೂ ಜಾರಿದರೆ ಪಾದ ನೋಡಿ. ಉಗುರು ನೆಲಕ್ಕೆ ತಾಗಿ ಟಕ್ ಟಕ್ ಅನ್ನುತ್ತಿದ್ದರೆ ಅಂಗಾಲಿನ ಮೆತ್ತೆ ನೆಲವನ್ನು ಸರಿಯಾಗಿ ಹಿಡಿಯುವುದಿಲ್ಲ. ಬಹಳ ಉದ್ದ ಬೆಳೆದ ಉಗುರನ್ನು ಒಂದೇ ದಿನ ಚಿಕ್ಕದು ಮಾಡಲು ಹೋದರೆ ಒಳಗಿನ ರಕ್ತನಾಳ ಕತ್ತರಿಸುತ್ತದೆ. ವಾರಕ್ಕೆ 1–2 ಮಿ.ಮೀ. ತೆಗೆಯುತ್ತ ಬಂದರೆ ರಕ್ತನಾಳವೂ ಹಿಂದೆ ಸರಿಯುತ್ತದೆ. ಮೆತ್ತೆಗಳ ನಡುವಿನ ಕೂದಲನ್ನೂ ಮಟ್ಟ ಮಾಡಿ.

ಹಾಸಿಗೆ 8–10 ಸೆಂ.ಮೀ. ದಪ್ಪದ ಗಟ್ಟಿ ಫೋಮ್‌ನದಿರಲಿ. ಮುಷ್ಟಿಯಿಂದ ಭಾರ ಬಿಟ್ಟು ಒತ್ತಿ. ಗೆಣ್ಣು ನೆಲಕ್ಕೆ ತಗುಲಿದರೆ ನಾಯಿಯ ಮೊಣಕೈಯೂ ತಗುಲುತ್ತದೆ. ಅಂಚು ತಗ್ಗಾಗಿರಲಿ, ಒಳಗೆ ನೀರು ಇಳಿಯದ ಹೊದಿಕೆ, ಮೇಲೆ ತೊಳೆಯುವ ಹೊದಿಕೆ ಎರಡು. ಜನ ಓಡಾಡುವ ದಾರಿಯಲ್ಲಿ ಬೇಡ, ಆದರೆ ಜನ ಕಾಣುವ ಮೂಲೆಯಲ್ಲೇ ಇರಲಿ. ಮೆಟ್ಟಿಲಿಗೆ ಅಡ್ಡಗೇಟು ಹಾಕಿ. ಸೋಫಾ ಅಥವಾ ಕಾರಿಗೆ ಇಳಿಜಾರು ಹಲಗೆ ಮಾಡಿಸುವುದಾದರೆ 45 ಸೆಂ.ಮೀ. ಎತ್ತರಕ್ಕೆ ಒಂದೂವರೆ ಮೀಟರ್ ಉದ್ದ ಬೇಕು. ಜಾಗ ಉಳಿಸಲೆಂದು ಒಂದು ಮೀಟರ್‌ಗೆ ಇಳಿಸಿದರೆ ಏರು ಕಡಿದಾಗಿ, ನಾಯಿ ಹತ್ತುವುದೇ ಇಲ್ಲ.

ಮೊದಲ ದಿನಗಳು

ಹೊಸ ನಾಯಿ ಎರಡು ದಿನ ಮಲಗೇ ಇರಬಹುದು, ಊಟ ಬಿಡಬಹುದು, ಮೂಲೆ ಹಿಡಿಯಬಹುದು. ಮೂರು ದಿನ ಗಾಬರಿ, ಮೂರು ವಾರ ಹೊಂದಾಣಿಕೆ, ಮೂರು ತಿಂಗಳಿಗೆ ತನ್ನ ಮನೆ ಎಂಬ ಲೆಕ್ಕವೊಂದು ದತ್ತು ಕೊಡುವವರ ಬಾಯಲ್ಲಿದೆ, ಅಂದಾಜಿಗೆ ಸರಿ. ಮೊದಲ ವಾರ ನೆಂಟರನ್ನು ಕರೆಯಬೇಡಿ, ಸ್ನಾನ ಮಾಡಿಸಬೇಡಿ, ಮಕ್ಕಳು ಹೋಗಿ ತಬ್ಬಿಕೊಳ್ಳುವುದು ಬೇಡ. ಊಟ, ಹೊರಗೆ ಕರೆದೊಯ್ಯುವುದು, ದೀಪ ಆರಿಸುವುದು ದಿನಾ ಒಂದೇ ಹೊತ್ತಿಗೆ ನಡೆಯಲಿ. ಕುತ್ತಿಗೆಗೆ ನಿಮ್ಮ ಫೋನ್ ನಂಬರಿನ ಬಿಲ್ಲೆ ಬಂದ ದಿನವೇ ಬೀಳಬೇಕು, ಏಕೆಂದರೆ ದಾರಿ ತಪ್ಪುವ ಅಪಾಯ ಹೆಚ್ಚಿರುವುದು ಈ ದಿನಗಳಲ್ಲೇ. ಹಿಡಿದು ನಡೆಸುವ ಬೆಲ್ಟನ್ನು ಮಾತ್ರ ಕುತ್ತಿಗೆಪಟ್ಟಿಗಲ್ಲ, ಎದೆಗೆ ಹಾಕುವ ಹಾರ್ನೆಸ್‌ಗೆ ಸಿಕ್ಕಿಸಿ. ದೊಡ್ಡ ಜಾತಿಯ ಮುದಿ ನಾಯಿಗಳಲ್ಲಿ ಗಂಟಲ ಸ್ನಾಯು ಸೋತು ಉಸಿರಿಗೆ ತಡೆಯಾಗುವುದುಂಟು, ಅಂಥವುಗಳ ಕುತ್ತಿಗೆಗೆ ಬಿಗಿ ಬೀಳಬಾರದು. ಬೊಗಳುವ ದನಿ ಗೊಗ್ಗರಾಗಿದ್ದರೆ, ಉಸಿರಾಟ ಗರಗರ ಅನ್ನುತ್ತಿದ್ದರೆ ಅದೇ ಸೂಚನೆ.

ಮನೆಯಲ್ಲಿ ಮೊದಲೇ ನಾಯಿ ಇದ್ದರೆ ಇಬ್ಬರನ್ನೂ ಮನೆಯ ಹೊರಗೆ, ಯಾರದ್ದೂ ಅಲ್ಲದ ಜಾಗದಲ್ಲಿ ಭೇಟಿ ಮಾಡಿಸಿ. ಊಟ ಬೇರೆ ಬೇರೆ ಕೋಣೆಯಲ್ಲಿ. ಹರೆಯದ ನಾಯಿ ಆಟಕ್ಕೆಂದು ಮೈಮೇಲೆ ಹಾರಿದರೂ ಕೀಲುನೋವಿನ ನಾಯಿ ಕಚ್ಚಿಯೇಬಿಡುತ್ತದೆ. ಅದನ್ನು ಕೆಟ್ಟ ಸ್ವಭಾವ ಅನ್ನಬೇಡಿ.

ವೈದ್ಯರ ಬಳಿ, ಮತ್ತು ಆ ಒಂದು ಮಾತು

ಮುದಿ ನಾಯಿಗೆ ಅತಿ ಹೆಚ್ಚು ಹಾನಿ ಮಾಡುವ ಮಾತು "ವಯಸ್ಸಾಯ್ತಲ್ಲ" ಅನ್ನುವುದು. ಬಾಯಿವಾಸನೆ, ನಿಧಾನ ನಡಿಗೆ, ಜಾಸ್ತಿ ನೀರು, ರಾತ್ರಿ ತೇಕು, ಹಾಸಿಗೆಯಲ್ಲಿ ಉಚ್ಚೆ, ಎಲ್ಲವನ್ನೂ ಇದೊಂದೇ ಮಾತಿನಲ್ಲಿ ಮುಚ್ಚಿಬಿಡುತ್ತಾರೆ. ಇವುಗಳಲ್ಲಿ ಹೆಚ್ಚಿನವಕ್ಕೆ ಹೆಸರಿದೆ, ಔಷಧಿಯಿದೆ. ಹಾಗಾಗಿ ಮೊದಲ ವಾರದೊಳಗೇ ಪಶುವೈದ್ಯರಿಗೆ ತೋರಿಸಿ. ರಕ್ತಕಣಗಳ ಎಣಿಕೆ, ಕಿಡ್ನಿ, ಲಿವರ್, ಸಕ್ಕರೆ, ಥೈರಾಯ್ಡ್, ಬಿಪಿ, ಉಣ್ಣಿ ಕಡಿತದಿಂದ ಬರುವ ರೋಗಗಳು, ಮಲ, ಮೂತ್ರ — ಇಷ್ಟನ್ನು ಒಮ್ಮೆ ಮಾಡಿಸಿದರೆ ಮುಂದಿನದಕ್ಕೆಲ್ಲ ಹೋಲಿಸಲು ಒಂದು ಆಧಾರ ಸಿಗುತ್ತದೆ. ಆಮೇಲೆ ಆರು ತಿಂಗಳಿಗೊಮ್ಮೆ. ಮೂತ್ರವನ್ನು ಬೆಳಗಿನ ಮೊದಲನೆಯದೇ ಹಿಡಿಯಿರಿ: ಚಪ್ಪಟೆ ಸ್ವಚ್ಛ ತಟ್ಟೆಯನ್ನು ಸದ್ದಿಲ್ಲದೆ ಕೆಳಗೆ ಸರಿಸಬೇಕು. ಕಿಡ್ನಿ ರಾತ್ರಿಯೆಲ್ಲ ಮೂತ್ರವನ್ನು ಎಷ್ಟು ಗಟ್ಟಿ ಮಾಡಬಲ್ಲದು ಎಂಬುದು ಆ ಮೂತ್ರದಲ್ಲೇ ತಿಳಿಯುವುದು. ತಡವಾಗುವುದಾದರೆ ಫ್ರಿಜ್‌ನಲ್ಲಿಟ್ಟು ಅದೇ ದಿನ ತಲುಪಿಸಿ.

ಸಂತಾನಹರಣ ಆಗದ ಹೆಣ್ಣು ನಾಯಿಯಾಗಿದ್ದರೆ ಗರ್ಭಕೋಶದ ಕೀವನ್ನು ನೆನಪಿನಲ್ಲಿಡಿ. ಬೆದೆ ಮುಗಿದು ನಾಲ್ಕರಿಂದ ಎಂಟು ವಾರದ ಸುಮಾರಿಗೆ ನೀರು ಕುಡಿಯುವುದು ಹೆಚ್ಚಿ, ಊಟ ಬಿಟ್ಟು, ವಾಂತಿಯಾಗಿ ಮಂಕಾದರೆ ಅದು ಅಂದೇ ಆಸ್ಪತ್ರೆಗೆ ಹೋಗಬೇಕಾದ ಕೇಸು. ಕೀವು ಹೊರಗೆ ಸುರಿಯದಿದ್ದರೆ ಇನ್ನೂ ಅಪಾಯ.

ಮೈಮೇಲಿನ ಗಂಟುಗಳಿಗೆ ನಾಯಿಯ ಚಿತ್ರ ಬರೆದು ಗುರುತು ಹಾಕಿ, ಅಳತೆ, ದಿನಾಂಕ ನಮೂದಿಸಿ. ಕೈಯಲ್ಲಿ ಮುಟ್ಟಿ ಇದು ಬರೀ ಕೊಬ್ಬಿನ ಗಂಟು ಎಂದು ಖಚಿತವಾಗಿ ಹೇಳಲು ಯಾರಿಗೂ ಆಗದು. ಸೂಜಿ ಹಾಕಿ ತೆಗೆದ ಕೋಶಗಳನ್ನು ನೋಡಿಸಬೇಕು. ಕೊಳೆತ ಹಲ್ಲನ್ನೂ "ಈ ವಯಸ್ಸಿಗೆ ಅರಿವಳಿಕೆ ಬೇಡ" ಎಂದು ಹಾಗೇ ಬಿಡುವುದು ಸರಿಯಲ್ಲ. ಹೃದಯ, ಕಿಡ್ನಿ ನೋಡಿಕೊಂಡು ಮಾಡಿದರೆ ಹೆಚ್ಚಿನ ಮುದಿ ನಾಯಿಗಳು ತಡೆದುಕೊಳ್ಳುತ್ತವೆ, ಹಲ್ಲು ಕಿತ್ತ ಎರಡು ವಾರಕ್ಕೆ ಬಟ್ಟಲು ನೆಕ್ಕಿ ಖಾಲಿ ಮಾಡುತ್ತವೆ.

ನಿಮಗೆ ಮನೆಯಲ್ಲಿ ಮೂರು ಅಳತೆಗಳು ಸಾಕು. ಒಂದು, ನಿದ್ದೆಯಲ್ಲಿರುವಾಗಿನ ಉಸಿರು: ಎದೆ ಏರುವುದನ್ನು 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ನಿಮಿಷಕ್ಕೆ 30ರ ಒಳಗಿರಬೇಕು. ಮತ್ತೆ ಮತ್ತೆ ಅದಕ್ಕಿಂತ ಮೇಲೆ ಬಂದರೆ ಹೃದಯ, ಶ್ವಾಸಕೋಶ ನೋಡಿಸಿ. ಎರಡು, ನೀರು: ಬೆಳಗ್ಗೆ ಅಳೆದು ಹಾಕಿ, ಮರುದಿನ ಉಳಿದದ್ದನ್ನು ಕಳೆಯಿರಿ. ಕೆ.ಜಿ. ತೂಕಕ್ಕೆ ದಿನಕ್ಕೆ 50–60 ಮಿ.ಲೀ. ಸಹಜ, 100 ದಾಟಿದರೆ ಕಿಡ್ನಿ, ಸಕ್ಕರೆ ಕಾಯಿಲೆ, ಕುಶಿಂಗ್ಸ್ (ದೇಹದಲ್ಲಿ ಕಾರ್ಟಿಸೋಲ್ ಹಾರ್ಮೋನು ಅತಿಯಾಗುವ ಕಾಯಿಲೆ) ಇವನ್ನೆಲ್ಲ ಹುಡುಕಬೇಕು. ಮೂರು, ತೂಕ: ಎರಡು ವಾರಕ್ಕೊಮ್ಮೆ. ಹತ್ತರಲ್ಲಿ ಒಂದು ಪಾಲು ಇಳಿದರೆ ಕಾಯಬೇಡಿ.

ಊಟ

ಮೊದಲ ವಾರ ಕೇಂದ್ರದಲ್ಲಿ ಕೊಡುತ್ತಿದ್ದುದನ್ನೇ ಕೊಡಿ. ಬದಲಿಸುವುದಾದರೆ ಎರಡು ಮೂರು ದಿನಕ್ಕೊಮ್ಮೆ ಕಾಲುಪಾಲಿನಂತೆ ಹೊಸದನ್ನು ಸೇರಿಸುತ್ತ 7–10 ದಿನದಲ್ಲಿ ಮುಗಿಸಿ. ಅವಸರ ಮಾಡಿದರೆ ಭೇದಿ ಖಂಡಿತ, ಆಮೇಲೆ ಅದು ಕಾಯಿಲೆಯದೋ ಆಹಾರದ್ದೋ ತಿಳಿಯದೆ ಒದ್ದಾಟ.

ಎಷ್ಟು ಹಾಕಬೇಕು ಎಂಬುದಕ್ಕೆ ಕ್ಯಾಲ್ಕುಲೇಟರ್ ಸಾಕು. ತೂಕವನ್ನು ತೂಕದಿಂದಲೇ ಗುಣಿಸಿ, ಬಂದದ್ದನ್ನು ಮತ್ತೆ ತೂಕದಿಂದ ಗುಣಿಸಿ, ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಿ, 70ರಿಂದ ಗುಣಿಸಿ. ಹತ್ತು ಕೆ.ಜಿ. ನಾಯಿಗೆ ಸುಮಾರು 394 ಕಿಲೊಕ್ಯಾಲೊರಿ ಬರುತ್ತದೆ. ಇದು ಸುಮ್ಮನೆ ಮಲಗಿದ್ದರೂ ದೇಹಕ್ಕೆ ಬೇಕಾದಷ್ಟು. ಮನೆಯಲ್ಲಿರುವ ಮುದಿ ನಾಯಿಗೆ ಅದರ 1.2ರಿಂದ 1.4 ಪಟ್ಟು, ಅಂದರೆ ಸುಮಾರು 470–550. ಪೊಟ್ಟಣದ ಮೇಲೆ 100 ಗ್ರಾಂಗೆ ಎಷ್ಟು ಎಂದು ನೋಡಿ ಭಾಗಿಸಿ, ತಕ್ಕಡಿಯಲ್ಲಿ ತೂಗಿ ಹಾಕಿ. ಲೋಟದ ಅಳತೆ ಕೈಯಿಂದ ಕೈಗೆ ಬದಲಾಗುತ್ತದೆ. ಈ ಲೆಕ್ಕ ಶುರುವಿಗೆ ಮಾತ್ರ, ಮುಂದಿನದನ್ನು ತೂಕ ಹೇಳುತ್ತದೆ. ಕೀಲುನೋವಿನ ಬೊಜ್ಜು ನಾಯಿಗೆ ತೂಕ ಇಳಿಸುವಷ್ಟು ದೊಡ್ಡ ಔಷಧಿ ಇನ್ನೊಂದಿಲ್ಲ.

ಎಲುಬು ಚರ್ಮ ಒಂದಾದ ನಾಯಿಗೆ ಇದರ ಉಲ್ಟಾ ತಪ್ಪಾಗುತ್ತದೆ. ಪಾಪ ಎಂದು ಮೊದಲ ದಿನವೇ ಹೊಟ್ಟೆ ತುಂಬ ಹಾಕಿದರೆ ರಕ್ತದಲ್ಲಿನ ರಂಜಕ, ಪೊಟ್ಯಾಸಿಯಂ ಏಕಾಏಕಿ ಕುಸಿದು ಜೀವಕ್ಕೇ ಅಪಾಯ. ಅಂಥದ್ದಕ್ಕೆ ಮಲಗಿದ್ದಾಗಿನ ಲೆಕ್ಕದ ಕಾಲು ಭಾಗದಿಂದ ಶುರುಮಾಡಿ, ದಿನಕ್ಕೆ ನಾಲ್ಕಾರು ಸಲ ಸ್ವಲ್ಪಸ್ವಲ್ಪ ಕೊಡುತ್ತ, ವೈದ್ಯರ ಕಣ್ಗಾವಲಿನಲ್ಲಿ ನಾಲ್ಕೈದು ದಿನದಲ್ಲಿ ಏರಿಸಬೇಕು.

ಮುದಿ ನಾಯಿಗೆ ಪ್ರೊಟೀನ್ ಕಡಿಮೆ ಮಾಡಬೇಕು ಎಂಬುದು ಹಳೆಯ ನಂಬಿಕೆ. ಕಿಡ್ನಿ ಕಾಯಿಲೆ ಖಚಿತವಾಗದೆ ಕಡಿಮೆ ಮಾಡಿದರೆ ತೊಡೆ, ಬೆನ್ನು, ನೆತ್ತಿಯ ಸ್ನಾಯು ಕರಗುತ್ತದೆ. ತಿನ್ನಲು ಹಿಂಜರಿದರೆ ಆಹಾರವನ್ನು ಉಗುರುಬೆಚ್ಚಗೆ ಮಾಡಿ, ಸ್ವಲ್ಪ ಬಿಸಿನೀರು ಬೆರೆಸಿ. ಮೂಗು ಮಂದವಾದ ನಾಯಿಗೆ ವಾಸನೆ ಏಳಬೇಕು. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್, ಕ್ಸೈಲಿಟಾಲ್ ಎಂಬ ಸಕ್ಕರೆ ಬದಲಿ ಇರುವ ಸಿಹಿ ಇವು ಯಾವ ವಯಸ್ಸಿನ ನಾಯಿಗೂ ಕೂಡದು.

ನೋವು

ನೋವಾದರೆ ನಾಯಿ ಕೂಗುತ್ತದೆ ಎಂದು ಕಾಯುತ್ತ ಕೂತರೆ ಅದು ಎಂದಿಗೂ ಕೂಗುವುದಿಲ್ಲ. ವರ್ಷಗಟ್ಟಲೆಯ ಕೀಲುನೋವು ಸದ್ದು ಮಾಡದು. ಅದು ಕಾಣುವುದು ಹೀಗೆ: ಬಟ್ಟಲ ಮುಂದೆ ನಿಂತಾಗ ಒಂದು ಹಿಂಗಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿರುತ್ತದೆ. ಕೂರುವಾಗ ಒಂದು ಕಾಲನ್ನು ಪಕ್ಕಕ್ಕೆ ಚಾಚುತ್ತದೆ. ಮಲ ವಿಸರ್ಜಿಸುವಾಗ ಬಗ್ಗಿ ನಿಲ್ಲಲಾಗದೆ ನಡೆಯುತ್ತಲೇ ಮುಗಿಸುತ್ತದೆ. ಮಣಿಕಟ್ಟನ್ನು ನೆಕ್ಕಿ ನೆಕ್ಕಿ ಕೂದಲ ಬಣ್ಣ ಕಂದಾಗಿರುತ್ತದೆ. ಸೆಖೆಯಿಲ್ಲದ ರಾತ್ರಿಯಲ್ಲೂ ತೇಕುತ್ತ ಜಾಗ ಬದಲಿಸುತ್ತದೆ. ನಡಿಗೆಯನ್ನು ಹಿಂದಿನಿಂದ, ಪಕ್ಕದಿಂದ ಒಂದೊಂದು ನಿಮಿಷ ಫೋನಿನಲ್ಲಿ ಹಿಡಿದಿಡಿ. ಆಸ್ಪತ್ರೆಗೆ ಹೋದ ಗಾಬರಿಯಲ್ಲಿ ಕುಂಟುವ ನಾಯಿಯೂ ನೆಟ್ಟಗೆ ನಡೆದುಬಿಡುತ್ತದೆ!

ಮನೆಯಲ್ಲಿರುವ ಮನುಷ್ಯರ ಮಾತ್ರೆ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿ ಕೆಡಿಸುತ್ತವೆ, ಪ್ಯಾರಸಿಟಮಾಲ್ ಅಳತೆ ತಪ್ಪಿದರೆ ಲಿವರ್‌ಗೆ ವಿಷ. ವೈದ್ಯರು ಕಾರ್ಪ್ರೊಫೆನ್ ಅಥವಾ ಮೆಲೊಕ್ಸಿಕ್ಯಾಮ್ ಬರೆದುಕೊಟ್ಟರೆ ಊಟದ ಜೊತೆ ಕೊಡಿ. ವಾಂತಿ, ಕಪ್ಪು ಮಲ, ಊಟ ಬಿಡುವುದು ಕಂಡರೆ ನಿಲ್ಲಿಸಿ ಫೋನ್ ಮಾಡಿ. ಇವು ಮತ್ತು ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಒಟ್ಟಿಗೆ ಸಲ್ಲದು, ಹಾಗಾಗಿ ಚರ್ಮಕ್ಕೋ ಕಿವಿಗೋ ಬೇರೆ ವೈದ್ಯರು ಏನು ಕೊಟ್ಟಿದ್ದಾರೆ ಎಂಬುದನ್ನು ಮುಚ್ಚಿಡದೆ ಹೇಳಿ. ನೋವೋ ಅಲ್ಲವೋ ಎಂಬ ಅನುಮಾನವಿದ್ದರೆ ವೈದ್ಯರ ಒಪ್ಪಿಗೆಯಿಂದ ಎರಡು ವಾರ ನೋವಿನ ಔಷಧಿ ಕೊಟ್ಟು ನೋಡುವುದುಂಟು. "ಮುದಿಯಾಗಿ ಮಂಕಾಗಿದೆ" ಅಂದ ನಾಯಿ ಎಂಟನೇ ದಿನ ಬಾಗಿಲಿಗೆ ಬಂದು ಬಾಲ ಅಲ್ಲಾಡಿಸಿದರೆ ಉತ್ತರ ಸಿಕ್ಕ ಹಾಗೆ.

ನಡಿಗೆ ನಿಲ್ಲಿಸಬೇಡಿ. ಒಮ್ಮೆಗೆ ಮುಕ್ಕಾಲು ಗಂಟೆಯ ಬದಲು 10–15 ನಿಮಿಷದಂತೆ ಮೂರು ಸಲ ಸಾಕು. ಹಿಂಭಾಗ ಸೋತಿದ್ದರೆ ಉದ್ದನೆಯ ಟವೆಲನ್ನು ಹಿಂಗಾಲಿನ ಮುಂದೆ ಹೊಟ್ಟೆಯ ಕೆಳಗಿಂದ ತೂರಿಸಿ ಮೇಲೆ ಹಿಡಿದು ಆಸರೆ ಕೊಡಿ. ಗಂಡು ನಾಯಿಗೆ ಉಚ್ಚೆ ಹೊಯ್ಯುವಾಗ ಟವೆಲ್ ಅಡ್ಡ ಬರದಂತೆ ಹಿಂದೆ ಸರಿಸಬೇಕು.

ರಾತ್ರಿ ಮತ್ತು ಉಚ್ಚೆ

ಗೋಡೆ ನೋಡುತ್ತ ನಿಲ್ಲುವುದು, ಬಾಗಿಲಿನ ಕೀಲಿನ ಕಡೆಯಿಂದ ಹೊರಬರಲು ನೋಡುವುದು, ಹಗಲು ನಿದ್ದೆ ರಾತ್ರಿ ಅಲೆದಾಟ, ಗುರುತಿರುವವರನ್ನೂ ಅಪರಿಚಿತರಂತೆ ಕಾಣುವುದು: ಇದು ಮುಪ್ಪಿನ ಮರೆಗುಳಿತನ (ಡಿಮೆನ್ಷಿಯಾ). ನೋವು, ಕುರುಡು, ಕಿವುಡು, ಬಿಪಿ ಇವನ್ನು ಮೊದಲು ತಳ್ಳಿಹಾಕಿದ ಮೇಲೆಯೇ ಈ ಹೆಸರಿಡಬೇಕು. ಸೆಲೆಜಿಲಿನ್ ಎಂಬ ಔಷಧಿ ಕೆಲವಕ್ಕೆ ನೆರವಾಗುತ್ತದೆ, ಪರಿಣಾಮಕ್ಕೆ ಕೆಲವು ವಾರ ಬೇಕು. ಹಾಸಿಗೆಯ ಹತ್ತಿರ ಮಂದ ದೀಪ ಇಡಿ, ಪೀಠೋಪಕರಣ ಸರಿಸಬೇಡಿ, ಸಂಜೆ ಸ್ವಲ್ಪ ನಡೆಸಿ. ಕಿವುಡು ನಾಯಿಯನ್ನು ನಿದ್ದೆಯಲ್ಲಿ ಮುಟ್ಟಿ ಎಬ್ಬಿಸಬೇಡಿ. ಪಕ್ಕದ ನೆಲವನ್ನು ಪಾದದಿಂದ ತಟ್ಟಿ ಕಂಪನದಿಂದ ಎಬ್ಬಿಸಿ. ಅಂದಹಾಗೆ, ಕಣ್ಣಿನ ನೀಲಿ ಮಂಜೆಲ್ಲ ಪೊರೆಯಲ್ಲ. ವಯಸ್ಸಿಗೆ ಮಸೂರ ಗಟ್ಟಿಯಾಗಿ ಬರುವ ಮಂಜಿನಲ್ಲಿ ನಾಯಿಗೆ ಸಾಕಷ್ಟು ಕಾಣುತ್ತದೆ.

ಮನೆಯೊಳಗೆ ಉಚ್ಚೆ ಹೊಯ್ದರೆ ಹೊಯ್ದ ಬಗೆ ನೋಡಿ. ಮಲಗಿ ಎದ್ದ ಜಾಗ ಒದ್ದೆಯಾಗಿ, ನಾಯಿಗೇ ಗೊತ್ತಿರದಿದ್ದರೆ ಮೂತ್ರನಾಳದ ಬಿಗಿ ಸಡಿಲಾಗಿದೆ. ಸಂತಾನಹರಣ ಆದ ಹೆಣ್ಣು ನಾಯಿಗಳಲ್ಲಿ ಇದು ಹೆಚ್ಚು, ಮಾತ್ರೆಗೆ ಚೆನ್ನಾಗಿ ಬಗ್ಗುತ್ತದೆ. ಪದೇ ಪದೇ ಹನಿಹನಿಯಾದರೆ ಸೋಂಕು ಅಥವಾ ಕಲ್ಲು. ದೊಡ್ಡ ಮಡುವೇ ಆದರೆ ನೀರಿನ ಲೆಕ್ಕಕ್ಕೆ ಹಿಂದಿರುಗಿ. ನೀರು ಕೊಡುವುದನ್ನು ಮಾತ್ರ ಕಡಿಮೆ ಮಾಡಬೇಡಿ, ಕಿಡ್ನಿ ಸೋತ ನಾಯಿ ಒಂದೇ ರಾತ್ರಿಗೆ ನಿರ್ಜಲವಾಗುತ್ತದೆ. ಮೂರ್ನಾಲ್ಕು ಗಂಟೆಗೊಮ್ಮೆ ಹೊರಗೆ ಕರೆದೊಯ್ಯಿರಿ. ಏಳಲಾಗದ ನಾಯಿಯನ್ನು ನಾಲ್ಕು ಗಂಟೆಯೊಳಗೆ ಮಗ್ಗುಲು ಬದಲಿಸಿ, ಮೊಣಕೈ, ಸೊಂಟದ ಚರ್ಮ ಕೆಂಪಾಗಿದೆಯೇ ಎಂದು ದಿನಾ ನೋಡಿ.

ಗಾಬರಿ ಯಾವಾಗ

ನಾಯಿ ಏಕಾಏಕಿ ತಲೆ ವಾಲಿಸಿ, ಕಣ್ಣುಗುಡ್ಡೆ ಅತ್ತಿತ್ತ ಹೊಡೆದು, ಕುಡಿದವರಂತೆ ಒಂದೇ ಪಕ್ಕಕ್ಕೆ ಉರುಳುತ್ತದೆ. ಎಲ್ಲರೂ ಪಾರ್ಶ್ವವಾಯು ಬಡಿಯಿತು, ಮುಗಿಯಿತು ಅಂದುಕೊಳ್ಳುತ್ತಾರೆ. ಮುದಿ ನಾಯಿಗಳಲ್ಲಿ ಇದು ಬಹಳ ಸಲ ಒಳಗಿವಿಯ ಸಮತೋಲನದ ತೊಂದರೆ. ಮೂರು ದಿನದಲ್ಲಿ ಇಳಿಮುಖವಾಗಿ, ಎರಡು ಮೂರು ವಾರಕ್ಕೆ ನಡೆದಾಡುವಂತಾಗುತ್ತದೆ, ತಲೆ ಸ್ವಲ್ಪ ವಾಲಿಯೇ ಉಳಿಯಬಹುದು. ವೈದ್ಯರಿಗೆ ತೋರಿಸಿ, ವಾಂತಿ ನಿಲ್ಲಿಸುವ ಔಷಧಿ ಪಡೆಯಿರಿ, ಕೈಯಲ್ಲಿ ನೀರು ಕುಡಿಸಿ. ಆ ದಿನವೇ ಕೊನೆಯ ನಿರ್ಧಾರಕ್ಕೆ ಬರಬೇಡಿ.

ಹೊಟ್ಟೆ ಉಬ್ಬಿ, ಏನೂ ಹೊರಬರದೆ ಓಕರಿಸುತ್ತಿದ್ದರೆ ಹೊಟ್ಟೆ ತಿರುಚಿಕೊಂಡಿರಬಹುದು. ಗಂಟೆಗಳ ಲೆಕ್ಕ, ಆಪರೇಷನ್ ಬೇಕು. ಕುಸಿದು ಬಿದ್ದು ವಸಡು ಬಿಳಿಚಿದ್ದರೆ ಒಳಗೆ ರಕ್ತ ಸೋರುತ್ತಿರಬಹುದು. ಇವೆರಡಕ್ಕೂ ಬೆಳಗಾಗಲಿ ಎಂದು ಕಾಯುವಂತಿಲ್ಲ.

ಕೊನೆಗಾಲ

ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೊಬೊಸ್ ರೂಪಿಸಿದ ಒಂದು ಅಳತೆಗೋಲು ಇದೆ. ನೋವು, ಹಸಿವು, ನೀರಿನಂಶ, ಶುಚಿ, ಖುಷಿ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಹೆಚ್ಚಿವೆಯೇ ಎಂಬ ಏಳಕ್ಕೂ ಸೊನ್ನೆಯಿಂದ ಹತ್ತರವರೆಗೆ ಅಂಕ; ನೋವಿಲ್ಲದಿದ್ದರೆ ಹೆಚ್ಚು ಅಂಕ. ಮೊತ್ತ 35ರ ಮೇಲಿದ್ದರೆ ಆರೈಕೆ ಮುಂದುವರಿಸಬಹುದು. ವಾರಕ್ಕೊಮ್ಮೆ ಮನೆಯ ಇಬ್ಬರು ಬೇರೆ ಬೇರೆಯಾಗಿ ಹಾಕಿ, ಹೋಲಿಸಿ. ದಿನಾ ನೋಡುವ ಕಣ್ಣಿಗೆ ನಿಧಾನದ ಕುಸಿತ ಕಾಣುವುದಿಲ್ಲ, ಅಂಕದಲ್ಲಿ ಕಾಣುತ್ತದೆ. ಗೋಡೆಯ ಕ್ಯಾಲೆಂಡರ್‌ನಲ್ಲಿ ಕೆಟ್ಟ ದಿನಕ್ಕೊಂದು ಗೀಟು ಎಳೆದರೂ ಆದೀತು. ನಮ್ಮ ಅಭಿಪ್ರಾಯದಲ್ಲಿ ಇಲ್ಲಿ ಆಗುವ ತಪ್ಪು ಹೆಚ್ಚಾಗಿ ತಡ ಮಾಡುವುದೇ. ಉಸಿರಿಗೆ ಒದ್ದಾಡುವ ನಡುರಾತ್ರಿ, ಗುರುತಿಲ್ಲದ ಆಸ್ಪತ್ರೆಯಲ್ಲಿ ಆಗುವ ದಯಾಮರಣಕ್ಕಿಂತ ನಾಲ್ಕು ದಿನ ಮುಂಚೆ, ತನ್ನ ಹಾಸಿಗೆಯ ಮೇಲೆ ಆಗುವುದು ನಾಯಿಗೆ ಹಗುರ. ಮನೆಗೆ ಬರುವ ವೈದ್ಯರ ನಂಬರನ್ನು ಬೇಕಾಗುವ ಮುಂಚೆಯೇ ಬರೆದಿಟ್ಟುಕೊಳ್ಳಿ.

ಮೊದಲು ಮಂಪರಿನ ಚುಚ್ಚುಮದ್ದು. 5–15 ನಿಮಿಷದಲ್ಲಿ ಗಾಢ ನಿದ್ದೆ. ಆಮೇಲೆ ರಕ್ತನಾಳಕ್ಕೆ ಪೆಂಟೊಬಾರ್ಬಿಟಾಲ್, ಒಂದೆರಡು ನಿಮಿಷದಲ್ಲಿ ಹೃದಯ ನಿಲ್ಲುತ್ತದೆ. ಮುದಿ ನಾಯಿಯ ರಕ್ತನಾಳ ಬತ್ತಿರುತ್ತದೆ, ಸೂಜಿ ಸಿಗಲು ಸಮಯ ಹಿಡಿದರೆ ಗಾಬರಿಯಾಗಬೇಡಿ. ಕಣ್ಣು ಮುಚ್ಚುವುದಿಲ್ಲ. ನಂತರವೂ ಒಂದೆರಡು ದೊಡ್ಡ ಉಸಿರು, ಸ್ನಾಯುವಿನ ಅದುರು ಕಾಣಬಹುದು. ಆಗ ನಾಯಿಗೆ ಅರಿವಿರುವುದಿಲ್ಲ. ಮಲಮೂತ್ರ ಹೊರಬರುವುದರಿಂದ ಕೆಳಗೆ ಹೀರುವ ಪ್ಯಾಡ್ ಹಾಸಿರಿ.

ಆ ಔಷಧಿ ದೇಹದಲ್ಲೇ ಉಳಿಯುತ್ತದೆ, ಅಗೆದು ತಿಂದ ಪ್ರಾಣಿ ಪಕ್ಷಿಗಳೂ ಸಾಯುತ್ತವೆ. ಹೂಳುವುದಾದರೆ ಸ್ಥಳೀಯ ನಿಯಮ ಕೇಳಿಕೊಂಡು, ನೀರಿನ ಮೂಲದಿಂದ ದೂರದಲ್ಲಿ, ದೇಹದ ಮೇಲೆ ಕನಿಷ್ಠ ಒಂದು ಮೀಟರ್ ಮಣ್ಣು ಬೀಳುವಷ್ಟು ಆಳ ತೆಗೆಯಿರಿ. ಇಲ್ಲವೇ ದಹನ ಮಾಡಿಸಿ. ಮನೆಯ ಇನ್ನೊಂದು ನಾಯಿಗೆ ದೇಹವನ್ನು ಮೂಸಲು ಬಿಡಿ. ಅದು ಕೆಲವು ದಿನ ಖಾಲಿ ಮೂಲೆಗೆ ಹೋಗಿ ಬರಬಹುದು, ಊಟ ಅರ್ಧಕ್ಕೇ ಬಿಡಬಹುದು. ಹಾಸಿಗೆಯನ್ನು ಅವಸರದಲ್ಲಿ ತೆಗೆಯಬೇಡಿ, ಊಟದ ಹೊತ್ತು ಬದಲಿಸಬೇಡಿ. ಕೇಂದ್ರಕ್ಕೆ ಫೋನ್ ಮಾಡಿ ಯಾವ ಕಾಯಿಲೆ ಇತ್ತು, ಯಾವ ಮಾತ್ರೆ ಹಿಡಿಯಿತು ಎಂದು ತಿಳಿಸಿ. ಇಳಿಜಾರು ಹಲಗೆ, ಹಾರ್ನೆಸ್, ಮ್ಯಾಟ್ ತೊಳೆದು ಒಣಗಿಸಿಡಿ. ಅಲ್ಲಿನ ಇನ್ನೊಂದು ಮುದಿ ನಾಯಿಗೆ ನಾಳೆಯೇ ಬೇಕಾಗಬಹುದು.